ಗುಂಡವ್ವನ ಹೊಸ ಕಣ್ಣು

ನಾನು ಅಗರಖೇಡದಲ್ಲಿ ಮಾಸ್ತರನಾಗಿದ್ದಾಗ ನಮ್ಮ ಮನೆಯ ಜೋಳ ಹಸನ ಮಾಡಿ ಕೊಡುತ್ತಿದ್ದವಳು ಗುಂಡವ್ವ. ಅವಳು ಮೊರದಲ್ಲಿ ಕೇರಿ, ಹರಳು ಆರಿಸಿ ಕೊಟ್ಟ ಜೋಳವನ್ನು ಮತ್ತೊಮ್ಮೆ ನೋಡಬೇಕಾಗಿರಲಿಲ್ಲ. ಊರಿನ ಹತ್ತು ಹನ್ನೆರಡು ಮನೆಗಳು ಅವಳ ಕೈಯನ್ನೇ ನಂಬಿದ್ದವು. ತೊಂಬತ್ತೆಂಟನೇ ಇಸವಿಯ ಹೊತ್ತಿಗೆ ರೊಟ್ಟಿಯಲ್ಲಿ ಹರಳು ಸಿಗತೊಡಗಿದವು. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಬೇರೆಯವರು ಅಂದರು. ಒಂದೊಂದೇ ಮನೆ ಕೈಬಿಟ್ಟಿತು.

ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಮಂದಿ ನೆರಳಿನಂಗ ಕಾಣ್ತಾರ್ರಿ ಮಾಸ್ತರ. ದನಿ ಮ್ಯಾಲೆ ಗುರುತು ಹಿಡೀತೇನಿ," ಅನ್ನುತ್ತಿದ್ದಳು.

ಅವಳ ಗಂಡ ಧರೆಪ್ಪ ಪಂಚಾಯ್ತಿಯ ನೀರಿನ ಟಾಕಿ ನೋಡಿಕೊಳ್ಳುತ್ತಿದ್ದ. ಮಗ ಅರುಣಕುಮಾರ ಹತ್ತಿರದ ಇಂಡಿ ಪಟ್ಟಣದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೆಳಗ್ಗೆ ಹೋಗಿ ಕತ್ತಲಾದ ಮೇಲೆ ಬರುವವ. ಸೊಸೆ ಕೋಮಲ ಮನೆ ನಡೆಸುತ್ತಿದ್ದಳು. ಇಂಡಿಯಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಶಿಬಿರ ನಡೆಯುತ್ತಿತ್ತು. ಎರಡು ವರ್ಷ ಕರೆದರೂ ಗುಂಡವ್ವ ಹೋಗಲಿಲ್ಲ. ಅವಳ ತಾಯಿಗೆ ಹಿಂದೆ ಆಪರೇಷನ್ ಮಾಡಿಸಿ, ಇದ್ದ ಕಣ್ಣೂ ಹೋಗಿತ್ತು.

"ಆಗಿನ ಕಾಲ ಬ್ಯಾರೆ," ಧರೆಪ್ಪ ಬಿಡಲಿಲ್ಲ. "ಈಗ ಕಣ್ಣಾಗ ಲೆನ್ಸ್ ಕೂಡಿಸ್ತಾರ. ಅಂಜಬ್ಯಾಡ, ನಾ ಬಾಗಲಾಗ ಕುಂತಿರ್ತೇನಿ."

ಎರಡು ಸಾವಿರದ ಒಂದನೇ ಇಸವಿ ಜನವರಿಯಲ್ಲಿ ಕರೆದುಕೊಂಡು ಹೋದ. ಕಣ್ಣಿನ ಹತ್ತಿರ ಸೂಜಿ ಚುಚ್ಚಿದ್ದಷ್ಟೇ ಅವಳಿಗೆ ಗೊತ್ತು. ಆಮೇಲೆ ಮುಖದ ಮೇಲೆ ಹಸಿರು ಬಟ್ಟೆ, ತಣ್ಣಗೆ ನೀರು ಹರಿದಂತೆ, ಡಾಕ್ಟರರ ಮೆಲ್ಲನೆಯ ಮಾತು. ಬಲಗಣ್ಣಿಗೆ ಪಟ್ಟಿ ಕಟ್ಟಿ ಸಾಲು ಹಾಸಿಗೆಯಲ್ಲಿ ಮಲಗಿಸಿದರು. ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ಕಣ್ಣು ಉಜ್ಜಬಾರದು ಎಂದು ನರ್ಸಬಾಯಿ ಹೇಳಿದಳು. ಪಕ್ಕದ ಹಾಸಿಗೆಯ ಮುದುಕಿ ತನ್ನದೊಂದು ಸೇರಿಸಿದಳು: "ಅಳೂದಂತೂ ಮಾಡಬ್ಯಾಡ ಯಕ್ಕಾ. ಕಣ್ಣೀರು ಬಂದ್ರ ಒಳಗಿಂದು ಜಾರತೈತಿ."

ಮರುದಿನ ಪಟ್ಟಿ ಬಿಚ್ಚಿದರು. ನರ್ಸಬಾಯಿಯ ಬೆರಳು ಎಣಿಸಿದಳು. ಮೂರು. ಸರಿ ಇತ್ತು. ಬಾಗಿಲಲ್ಲಿ ಯಾರೋ ನಿಂತಿದ್ದರು.

"ಬಾಯಾರ, ಆ ಮುದುಕ ಯಾರ್ರಿ?" ಎಂದು ಕೇಳಿದಳು.

"ನಾನ," ಅಂದ ಬಾಗಿಲಲ್ಲಿದ್ದವ. ದನಿ ಧರೆಪ್ಪನದು.

ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವಳು ಕಿಟಕಿಯ ಆಚೆ ನೋಡಲಿಲ್ಲ. ಅವನನ್ನೇ ನೋಡಿದಳು. ಮನೆಗೆ ಬಂದವಳೇ ಅವನನ್ನು ಅಂಗಳದ ಬಿಸಿಲಿಗೆ ಕೂರಿಸಿ ಅಂಗಿ ಬಿಚ್ಚಿಸಿದಳು. ಪಕ್ಕೆಲುಬು ಎದ್ದಿದ್ದವು. ಕೆನ್ನೆ ಒಳಗೆ ಹೋಗಿತ್ತು. ಕಣ್ಣಿನ ಬಿಳಿಯಲ್ಲಿ ಹಳದಿ ಇಳಿದಿತ್ತು.

"ಯಾವಾಗಿಂದ ಹಿಂಗ?"

"ಹೊಟ್ಟಿ ನೋವು ದೀಪಾವಳಿಯಿಂದ ಐತಿ," ಅಂದ. "ಇಂಡಿ ಡಾಕ್ಟರು ಸೊಲ್ಲಾಪುರಕ್ಕ ಹೋಗಂದ್ರು. ಅಷ್ಟ್ರಾಗ ಶಿಬಿರದ ತಾರೀಖು ಗೊತ್ತಾತು. ನಾ ಅಲ್ಲಿ ಹೋಗಿ ಮಲಗಿದ್ರ ನೀ ಶಿಬಿರಕ್ಕ ಬರ್ತಿದ್ದಿಲ್ಲ. ನಿಂದೊಂದು ಆಗ್ಲಿ ಅಂತ ಬಿಟ್ಟೆ."

ಅಡುಗೆಮನೆಯಲ್ಲಿ ಕೋಮಲ ತಲೆ ಹಿಡಿದುಕೊಂಡು ಕೂತಳು. "ದಿನಾ ಉಣ್ಣಾಕ ನೀಡಾಕಿ ನಾನ. ಅರ್ಧ ರೊಟ್ಟಿ ಬಿಟ್ಟು ಏಳತಿದ್ರು ಮಾಮಾರು. ನನಗ ಕಾಣಲಿಲ್ಲಲ್ಲ ಅತ್ತಿ," ಅಂದಳು. ಅವಳದೇನು, ನಾನೂ ದಿನ ಬೆಳಗಾದರೆ ಟಾಕಿಯ ಹತ್ತಿರ ಅವನನ್ನು ಮಾತಾಡಿಸುತ್ತಿದ್ದೆ. ಇವತ್ತಿಗೂ ನಿನ್ನೆಗೂ ನಮಗೆ ಫರಕು ಕಾಣಲಿಲ್ಲ. ಗುಂಡವ್ವ ಎರಡು ವರ್ಷದ ಫರಕನ್ನು ಒಂದೇ ಸಲ ನೋಡಿದಳು.

ಅರುಣಕುಮಾರ ಸೊಲ್ಲಾಪುರಕ್ಕೆ ಕರೆದೊಯ್ದ. ಯಕೃತ್ತಿನಲ್ಲಿ ಗಡ್ಡೆ. ನಾಲ್ಕು ದಿನ ಇಟ್ಟುಕೊಂಡು, ಮನೆಯಲ್ಲೇ ಇರಲಿ ಅಂದರು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದನೇ ಎಂದು ಗುಂಡವ್ವ ಮಗನನ್ನು ಮತ್ತೆ ಮತ್ತೆ ಕೇಳಿದಳು. ಅವನು ಆ ಮಾತು ಡಾಕ್ಟರರನ್ನು ಕೇಳಿರಲೇ ಇಲ್ಲ. ಕೇಳುವ ಧೈರ್ಯ ಆಗಲಿಲ್ಲ ಎಂದು ನನ್ನ ಮುಂದೆ ಹೇಳಿದ.

ಆ ದಿನಗಳಲ್ಲಿ ನಾನು ಹೋದಾಗಲೆಲ್ಲ ಒಂದೇ ನೋಟ. ಗೋಡೆಗೆ ಒರಗಿ ಧರೆಪ್ಪ, ಅವನ ಮುಂದೆ ಮುಖ ಮೇಲೆತ್ತಿ ಗುಂಡವ್ವ. ಕಣ್ಣಿನ ಹನಿ ತಾನೇ ಹಾಕಬೇಕೆಂದು ಅವನ ಹಟ. ಕೈ ನಡುಗಿ ಹನಿ ಒಮ್ಮೆ ಹುಬ್ಬಿಗೆ, ಒಮ್ಮೆ ಮೂಗಿಗೆ ಬೀಳುತ್ತಿತ್ತು. "ಬಿತ್ತೇನ?" ಅನ್ನುವನು. ಬೀಳದಿದ್ದರೂ "ಬಿತ್ರಿ" ಅನ್ನುವಳು. ಅವನು ನಿದ್ದೆ ಹೋದ ಮೇಲೆ ಕೋಮಲ ಬಂದು ಮತ್ತೊಮ್ಮೆ ಹಾಕುತ್ತಿದ್ದಳು.

ಆಪರೇಷನ್ ಆದ ಮೂವತ್ತೆರಡನೇ ದಿನ, ಟಾಕಿಯ ನೀರು ಬಿಡುವ ಹೊತ್ತಿಗೆ ಧರೆಪ್ಪ ತೀರಿಕೊಂಡ.

ಮನೆ ತುಂಬ ಹೆಣ್ಣುಮಕ್ಕಳು ಸೇರಿದರು. ತಾವು ಅಳುತ್ತಲೇ ಗುಂಡವ್ವನ ಕೈ ಹಿಡಿದು, "ಅಳಬ್ಯಾಡ ಯಕ್ಕಾ. ಅಂವಾ ಜೀವ ಸವೆಸಿ ಕೊಡಿಸಿದ ಕಣ್ಣು, ಹೋಗತೈತಿ," ಅಂದರು. ಅವಳು ಕರಿ ಚಸ್ಮಾ ಹಾಕಿಕೊಂಡು ಸೆರಗು ಕಚ್ಚಿ ಹಿಡಿದು ಕೂತಿದ್ದಳು. ನೋಡಿದರೆ ತಡೆಯಲಾರಳೆಂದು ಯಾರೋ ಅವಳನ್ನು ಒಳಗೆ ಎಬ್ಬಿಸಿಕೊಂಡು ಹೋಗಲು ಬಂದರು. ಕೈ ಕೊಸರಿಕೊಂಡಳು.

"ಅಳಾಕ ಬಿಡವಲ್ರಿ. ನೋಡಾಕರ ಬಿಡ್ರೆವ್ವಾ," ಅಂದಳು.

ಬೌದ್ಧರಾದ ಅವರ ಮನೆಯ ಪದ್ಧತಿಯಂತೆ ಬುದ್ಧವಂದನೆ ಮುಗಿದು, ಮಣ್ಣು ಮಾಡಲು ಎತ್ತುವವರೆಗೂ ಚಸ್ಮಾ ತೆಗೆದು ಅವನ ಮುಖವನ್ನೇ ನೋಡಿದಳು. ಒಂದು ಹನಿಯೂ ಉದುರಲಿಲ್ಲ.

ಆರು ವಾರಕ್ಕೆ ಮತ್ತೆ ತೋರಿಸಬೇಕಿತ್ತು. ಅರುಣಕುಮಾರನಿಗೆ ರಜೆ ಸಿಗಲಿಲ್ಲ, ನಾನೇ ಜೊತೆಗೆ ಹೋದೆ. ಡಾಕ್ಟರರು ಯಂತ್ರದಲ್ಲಿ ನೋಡಿ, ಲೆನ್ಸ್ ಬಹಳ ಚಲೋ ಕೂತಿದೆ ಎಂದು ಚಸ್ಮಾ ನಂಬರು ಬರೆಯತೊಡಗಿದರು.

"ಸಾಹೇಬ್ರ, ಈಗ ಅಳಬೌದೇನ್ರಿ?" ಗುಂಡವ್ವ ಕೇಳಿದಳು.

ಅವರಿಗೆ ಅರ್ಥವಾಗಲಿಲ್ಲ. ನಾನು ನಡೆದದ್ದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಕಣ್ಣೀರಿನಿಂದ ಏನೂ ಆಗೋದಿಲ್ಲ ತಾಯಿ. ಉಜ್ಜಬಾರದು ಅಂತ ಹೇಳ್ತೀವಿ, ಅಷ್ಟೇ. ನೀವು ಅವತ್ತೇ ಅಳಬಹುದಿತ್ತು."

ಗುಂಡವ್ವ ಚೀಟಿ ತೆಗೆದುಕೊಂಡು ಎದ್ದಳು. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕೊಡಿಸಿದೆ, ಕುಡಿಯಲಿಲ್ಲ. ಚಹಾ ಆರಿದ ಮೇಲೆ ನನ್ನ ಕಡೆ ತಿರುಗಿದಳು.

"ಮಾಸ್ತರ, ಡಾಕ್ಟರ್ ಹೇಳಿದ್ದು ಊರಾಗ ಯಾರ ಮುಂದೂ ಅನ್ನಬ್ಯಾಡ್ರಿ. ಆ ಹೆಣ್ಣಮಕ್ಕಳು ನನ್ನ ಚಲೋದಕ್ಕ ಹೇಳಿದ್ರು. ಕೇಳಿದ್ರ ಮರಮರ ಮರಗತಾರ."

ನಾನು ಯಾರಿಗೂ ಹೇಳಲಿಲ್ಲ. ಅಗರಖೇಡದಲ್ಲಿ ಇದ್ದಷ್ಟು ದಿನ ಅವಳು ಅತ್ತದ್ದನ್ನು ನಾನು ನೋಡಲೂ ಇಲ್ಲ. ಮರುವರ್ಷ ಶಿಬಿರ ಬಂದಾಗ ಮಗ ಎಡಗಣ್ಣಿಗೆ ಹೆಸರು ಬರೆಸಿ ಬಂದ. "ಇನ್ನ ಯಾರನ್ನ ನೋಡೂದೈತೋ," ಎಂದು ಆ ಮುಂಜಾನೆ ಬೇಕೆಂದೇ ಹೊಲದ ಕಡೆ ಹೋಗಿಬಿಟ್ಟಳು. ಎಡಗಣ್ಣು ಹಾಗೇ ಬೆಳ್ಳಗಾಗಿ ಮುಚ್ಚಿತು. ಬಲಗಣ್ಣು ಚೆನ್ನಾಗೇ ಇತ್ತು.

ಎರಡು ಸಾವಿರದ ಮೂರರಲ್ಲಿ ನನಗೆ ಮುದ್ದೇಬಿಹಾಳಕ್ಕೆ ಬದಲಿಯಾಯಿತು. ಟ್ರ್ಯಾಕ್ಟರಿಗೆ ಸಾಮಾನು ಹೇರುವಾಗ ಗುಂಡವ್ವ ಬಂದಳು. ನನ್ನ ಹೆಂಡತಿಯ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇಬ್ರೂ ಒಬ್ಬರನ್ನೊಬ್ಬರು ನೋಡಿಕೋತ ಇರ್ರಿ," ಅಂದಳು. ಟ್ರ್ಯಾಕ್ಟರ್ ಹೊರಟಿತು.