ಇದ್ದಿಲೊಲೆಯ ಗೋಡೆಯಾಚೆ

ಇಸ್ತ್ರಿಯವನಿಗೆ ಎಲ್ಲರೂ ಬಟ್ಟೆ ಕೊಡುತ್ತಾರೆ, ಗಿಡ ಯಾರೂ ಕೊಡುವುದಿಲ್ಲ. ಹೆಂಡತಿ ಕೊಟ್ಟಳು. ತಾಯಿ ತೀರಿಕೊಂಡು, ತವರುಮನೆ ಮಾರಾಟವಾಗಿ, ಕೊಂಡವರು ಅಂಗಳ ಅಗೆಯುವ ಮುಂಚೆ ಅಮ್ಮನ ಗುಲಾಬಿಯಿಂದ ಮೂರು ಕಡ್ಡಿ ಕತ್ತರಿಸಿ ತಂದಿದ್ದಳು.

"ನಿಮ್ಮ ಕೈಗುಣ ಚೆನ್ನಾಗಿದೆ, ನೀವೇ ನೆಡಿ. ಇದೂ ಹೋದರೆ ಅಮ್ಮಂದು ಅಂತ ನನಗೆ ಇನ್ನೇನೂ ಉಳಿಯಲ್ಲ."

ಹೊಗಳಿಕೆಗೆ ಆಸಾಮಿ ಉಬ್ಬಿಹೋದ. "ಕೋಣೆಯ ಕೂಸು ಕೊಳೀತು, ಓಣಿಯ ಕೂಸು ಬೆಳೀತು" ಎಂದು ಮೊದಲನೆಯದನ್ನು ಮನೆಯ ಮುಂದೆ ಧಾರಾಳ ಬಿಸಿಲಿಗೆ ನೆಟ್ಟ. ಸಂಜೆಬಿಸಿಲು ಕುಡಿದ ಗೋಡೆ ರಾತ್ರಿಯೂ ಝಳ ಕಾರಿ, ಕಡ್ಡಿ ಕರಕಲಾಯಿತು. ಎರಡನೆಯದನ್ನು ಹಿತ್ತಲ ನಲ್ಲಿಯ ಪಕ್ಕದ ತಗ್ಗಿಗೆ ಒಯ್ದ. ಸುತ್ತಲಿನ ಚಳಿಯೆಲ್ಲ ನೀರಿನಂತೆ ಹರಿದು ಅಲ್ಲೇ ಮಡುಗಟ್ಟುತ್ತಿತ್ತು, ಆ ಕಡ್ಡಿ ಕೊಳೆಯಿತು.  

ಉಳಿದದ್ದು ಒಂದೇ ಕಡ್ಡಿ, ಹಳೇ ಡಬ್ಬಿಯಲ್ಲಿ. ರೇಷ್ಮೆಗೂ ಹತ್ತಿಗೂ ಒಂದೇ ಕಾವು ಕೊಡದ ಮನುಷ್ಯ ಅಂಗಳವನ್ನೆಲ್ಲ ಒಂದೇ ಬಟ್ಟೆ ಅಂದುಕೊಂಡಿದ್ದ, ನೋಡಿ! ಮುಂಜಾನೆ ಬರಿಗಾಲಲ್ಲಿ ಮನೆ ಸುತ್ತಿದ. ಇಸ್ತ್ರಿಪೆಟ್ಟಿಗೆಯ ಕಾವು ನೋಡುವ ಹಾಗೆಯೇ ಕೈ ಮಗುಚಿ ಗೋಡೆಗೆ, ಮಣ್ಣಿಗೆ ಹಿಡಿದ. ಬೇಲಿಯ ಬುಡ ಬೆಚ್ಚಗೆ, ಹೆಜ್ಜೆ ಆಚೆ ಇಟ್ಟರೆ ತಣ್ಣಗೆ. ಮೂಲೆಯಲ್ಲಿ ಗಾಳಿ ಕೊರೆಯುತ್ತಿದೆ, ತೊಟ್ಟಿಯ ಮರೆಯಲ್ಲಿ ಎಲೆಯೂ ಅಲುಗುತ್ತಿಲ್ಲ. ಅಂಗೈಯಗಲದ ಜಾಗದಲ್ಲಿ ಇಷ್ಟೊಂದು ಬಗೆಯ ಹವೆ! ಮದುವೆಯಾದಾಗಿನಿಂದ ಇದೇ ಮನೆಯಲ್ಲಿದ್ದೂ ಇದೊಂದೂ ತನಗೆ ಗೊತ್ತಿರಲಿಲ್ಲವಲ್ಲ ಎಂದುಕೊಂಡ.

ಮೂಡಲ ಗೋಡೆಯ ಹತ್ತಿರ ಕೈ ತಾನಾಗಿ ನಿಂತಿತು. ಇಟ್ಟಿಗೆಯಲ್ಲಿ ಹದವಾದ ಬಿಸುಪು, ಬುಡದಲ್ಲಿ ತೇವ. ಇದೆಲ್ಲಿಂದ ಬಂತು? ತಲೆಯೆತ್ತಿದರೆ ಮೇಲೆ ತನ್ನದೇ ಕಿಟಕಿ. ಗೋಡೆಯ ಒಳಬದಿಗೆ ತಾನು ಇಸ್ತ್ರಿಗೆ ಕೆಂಡ ಮಾಡುವ ಇದ್ದಿಲೊಲೆ. ಬಟ್ಟೆಗೆ ಚಿಮುಕಿಸಿ ಉಳಿದ ನೀರನ್ನು ಅವನು ದಿನಾ ಚೆಲ್ಲುತ್ತಿದ್ದದ್ದೂ ಈ ಕಿಟಕಿಯಿಂದಲೇ. ಕಡ್ಡಿಯನ್ನು ಅಲ್ಲೇ ನೆಟ್ಟ.

ಚಳಿ ಇನ್ನೂ ಬಿಟ್ಟಿರಲಿಲ್ಲ, ಕೆಂಪು ಚಿಗುರೊಡೆಯಿತು. ಹೆಂಡತಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಇಲ್ಲೇ ಹೇಗೆ ಬಂತು ರೀ?"

"ಇಲ್ಲಿ ದಿನಾ ನಾನೇ ಬೇಸಿಗೆ ಮಾಡ್ತಿದ್ದೆ ಕಣೇ. ನನಗೇ ಗೊತ್ತಿರಲಿಲ್ಲ."

ಭಾನುವಾರ ಅವನು ತಡವಾಗಿ ಎದ್ದ. ಹೆಂಡತಿ ಆಗಲೇ ಒಲೆಗೆ ಇದ್ದಿಲು ಸುರಿದು ಗಾಳಿ ಬೀಸುತ್ತಿದ್ದಳು.

"ಇವತ್ತು ರಜಾ ಅಲ್ವೇನೇ?"

"ರಜಾ ನಿಮಗೆ. ಅಲ್ಲಿ ಅಮ್ಮನಿಗೆ ಚಳಿಯಾಗುತ್ತೆ" ಅಂದಳು.