ಉಣ್ಣೆಯ ಶೆಡ್ಡು, ಅಮ್ಮನ ಜಡೆ

ಮಾಸ್ಕಿನ ಹಿಂದೆ ಎಲ್ಲರ ಮುಖ ಮರೆಯಾಗಿದ್ದ, ಊರಿಗೆ ಹೋಗುವ ದಾರಿಗಳೆಲ್ಲ ಮುಚ್ಚಿದ್ದ ಆ ದಿನಗಳಲ್ಲಿ, ಅಮೆರಿಕದ ರಾಲಿ ಊರಿನ ನಮ್ಮ ಕನ್ನಡ ಮನೆಗಳ ಹರಕೆಗಳು ಹಳದಿ ಬಟ್ಟೆಯ ಗಂಟುಗಳಾಗಿ ದೇವರ ಗೂಡಿನಲ್ಲಿ ಕಾಯುತ್ತಿದ್ದವು. ನಮ್ಮ ಮನೆಯ ಹರಕೆ ಮಾತ್ರ ನನ್ನ ಬೆನ್ನ ಮೇಲೆ ಜಡೆಯಾಗಿ ಇಳಿಬಿದ್ದಿತ್ತು. ನನಗಾಗ ಹದಿಮೂರು ವರ್ಷ. ಚಳಿಗಾಲದಲ್ಲಿ ಅಪ್ಪ ಉಸಿರಾಡಲಾಗದೆ ಆಸ್ಪತ್ರೆ ಸೇರಿದಾಗ, ಅವರು ಬದುಕಿ ಬಂದರೆ ಮಗಳ ಮುಡಿ ಕೊಡಿಸುವೆನೆಂದು ಅಮ್ಮ ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದಳು. ಅಪ್ಪ ಬಂದರು. ತಿರುಪತಿಗೆ ಹೋಗುವಂತಿರಲಿಲ್ಲ. ತಮ್ಮ ಮಗನ ಚೌಲವನ್ನು ಮನೆಯಲ್ಲೇ ಟ್ರಿಮ್ಮರ್‌ನಿಂದ ಮುಗಿಸಿದ್ದ ಅಮ್ಮನ ಗೆಳತಿ ಸುಮಾ ಆಂಟಿ, "ನಮ್ಮನೇಗೆ ಕರ್ಕೊಂಡ್ಬನ್ನಿ, ಹತ್ತು ನಿಮಿಷದ ಕೆಲ್ಸ" ಎಂದಿದ್ದರು.

ವಸಂತದ ಒಂದು ಶನಿವಾರ ಹೊರಟೆವು. ನಾನು ಅಳುತ್ತಿದ್ದುದರಿಂದ, ಮನಸ್ಸು ಬೇರೆಡೆ ತಿರುಗಲೆಂದು ಅಪ್ಪ ದಾರಿಯಲ್ಲಿ ಒಂದು ಕುರಿ ಫಾರ್ಮ್ ಬಳಿ ನಿಲ್ಲಿಸಿದರು. ಶತಮಾನ ದಾಟಿದ ಉಣ್ಣೆ ಕತ್ತರಿಸುವ ಶೆಡ್ಡನ್ನು ಅಂದು ಜನರಿಗೆ ತೆರೆದಿದ್ದರು. ಆ ದಿನಕ್ಕೆ ಅದಕ್ಕಿಂತ ತಪ್ಪು ಜಾಗವನ್ನು ಅವರು ಆರಿಸಲು ಸಾಧ್ಯವಿರಲಿಲ್ಲ.

ಒಳಗೆ ಮಬ್ಬುಗತ್ತಲು. ಗೋಡೆಯ ತುಂಬ ತುಕ್ಕು ಹಿಡಿದ ಕೈಗತ್ತರಿಗಳು. ಉಣ್ಣೆಯ ಜಿಡ್ಡು ವಾಸನೆ ಮಾಸ್ಕಿನೊಳಗೂ ನುಗ್ಗಿತು. ದಾಂಡಿಗನೊಬ್ಬ ಕುರಿಯೊಂದನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದಿದ್ದ. ಯಂತ್ರ ಗುಂಯ್‌ಗುಟ್ಟಿತು. ಕುರಿ ಕೂಗಲಿಲ್ಲ, ಅದರ ಕಣ್ಣು ಮಾತ್ರ ನನ್ನತ್ತ ಹೊರಳಿತು. ಬೋಳಾದ ಚರ್ಮದ ಮೇಲೆ ರಕ್ತದ ಸಣ್ಣ ಗೆರೆ ಮೂಡಿತು.

"ನೋಡೇ, ನಿನಗಿಂತ ಜಾಣೆ. ಸುಮ್ನೆ ಕೂತಿದೆ," ಅಪ್ಪ ನಕ್ಕರು.

"ಅದನ್ನ ಯಾರಾದ್ರೂ ಕೇಳಿದ್ರಾ ಅಪ್ಪಾ? ನನ್ನ ಕೇಳಿದ್ರಾ? ನಾನು ಕೊಡಲ್ಲ!"

ಮಾತು ಮುಗಿಯುವಷ್ಟರಲ್ಲಿ ಅಪ್ಪನಿಗೆ ಕೆಮ್ಮು ಹತ್ತಿತು. ಅದು ಉಣ್ಣೆಯ ಧೂಳಿನ ಕೆಮ್ಮು ಎಂದು ಇಂದು ಬಲ್ಲೆ. ಅಂದು ನನಗೆ ತೋಚಿದ್ದು ಒಂದೇ: ದೇವರು ನನ್ನ ಮಾತು ಕೇಳಿಸಿಕೊಂಡುಬಿಟ್ಟ. ಅಪ್ಪ ಕಂಬ ಹಿಡಿದು ಬಾಗಿದರು. ನಾನು ಅಮ್ಮನ ತೋಳು ಹಿಡಿದೆ.

"ಕೊಡ್ತೀನಿ ಅಮ್ಮಾ! ಸಾರಿ, ಈಗ್ಲೇ ಕೊಡ್ತೀನಿ!"

ಅಮ್ಮ ನನ್ನ ಮುಖ ನೋಡಿದಳು, ಆಮೇಲೆ ಕುರಿಯನ್ನು. ನಮ್ಮಿಬ್ಬರನ್ನೂ ಕಾರಿನತ್ತ ನಡೆಸಿದಳು.

ಸುಮಾ ಆಂಟಿ ಗ್ಯಾರೇಜಿನಲ್ಲಿ ಕುರ್ಚಿ ಹಾಕಿ ಟ್ರಿಮ್ಮರ್ ಆನ್ ಮಾಡಿದರು. ಅದೇ ಗುಂಯ್ ಸದ್ದು. ಕಣ್ಣು ಮುಚ್ಚಿ ಹೆಜ್ಜೆಯಿಟ್ಟೆ. ಕಣ್ಣು ತೆರೆದಾಗ ಕುರ್ಚಿಯಲ್ಲಿ ಅಮ್ಮ ಕುಳಿತಿದ್ದಳು.

"ಹರಕೆ ಹೊತ್ತೋಳು ನಾನು. ನಂದೇ ತೆಗೀರಿ ಸುಮಾ."

"ಅಲ್ಲ ರೀ, ಸೋಮವಾರ ಮೀಟಿಂಗಲ್ಲಿ ಏನ್ ಮಾಡ್ತೀರಿ?"

"ಕ್ಯಾಮೆರಾ ಆಫ್ ಮಾಡ್ಕೋತೀನಿ ಬಿಡಿ."

ಸೊಂಟ ದಾಟುತ್ತಿದ್ದ ಆ ಜಡೆ, ಚಿಕ್ಕಂದಿನಲ್ಲಿ ನಾನು ಹಿಡಿದುಕೊಂಡೇ ಮಲಗುತ್ತಿದ್ದ ಜಡೆ, ಹಳದಿ ಬಟ್ಟೆಯೊಳಗೆ ಸೇರಿತು. ಅಪ್ಪ ಇಂದಿಗೂ ಆರೋಗ್ಯವಾಗಿದ್ದಾರೆ. ಅಮ್ಮನ ಕೂದಲು ಮಾತ್ರ ಭುಜದವರೆಗೆ ಬಂದು ನಿಂತುಬಿಟ್ಟಿತು. ಯಾರ ಮೇಲೆ ನಿರ್ಧಾರ ಬೀಳುತ್ತದೋ ಅವರನ್ನು ಮೊದಲು ಕೇಳಬೇಕೆಂದು ಕಾಲೇಜಿನ ಚರ್ಚಾವೇದಿಕೆಗಳಲ್ಲಿ ನಾನು ಹಲವು ಬಾರಿ ವಾದಿಸಿದ್ದೇನೆ. ಈಗಲೂ ಹಾಗೆಯೇ ನಂಬಿದ್ದೇನೆ. ಆದರೆ ಅಂದು ಆ ಗ್ಯಾರೇಜಿನಲ್ಲಿ, ನನ್ನ ಜಡೆಯನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದ ನಾನು, "ನಿಂಗೆ ಒಪ್ಪಿಗೆಯಾ ಅಮ್ಮಾ?" ಎಂದು ಕೇಳಲಿಲ್ಲ.