‘ಮೊದಲು ಮಗೂನ ಕೇಳಿ’ ಎನ್ನುವ ಎರ್ಸೀಲಿಯಾ

ಕಿಯೊಜ್ಜಾದಲ್ಲಿ ಬೆಳಗಿನ ದೋಣಿಗಳು ಇನ್ನೂ ಮೀನಿಳಿಸುತ್ತಿವೆ. ಕಾಲುವೆಯಾಚೆ, ರಜೆಯಲ್ಲಿರುವ ಮಾಧ್ಯಮಿಕ ಶಾಲೆಯ ಖಾಲಿ ಹಜಾರದಲ್ಲಿ ಮಾತ್ರ ಬೆಲ್ಲು ಕಿವಿ ತೂತಾಗುವಂತೆ ಬಡಿದುಕೊಳ್ಳುತ್ತಿದೆ. ಗುಂಡಿ ಒತ್ತುತ್ತಿರುವವಳು ಹತ್ತು ವರ್ಷದ ನೀವೆಸ್. ಪಕ್ಕದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ನಿಂತಿರುವವರು ಎರ್ಸೀಲಿಯಾ ವಿಯಾನೆಲ್ಲೊ. ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳ ಜೊತೆ ತರಗತಿಯಲ್ಲಿ ಕೂರುವುದು ಅವರ ಕೆಲಸ.

“ಇನ್ನೊಂದ್ಸಲ,” ಎನ್ನುತ್ತಾಳೆ ನೀವೆಸ್.

“ಸಾಕು ಮಾರಾಯ್ತಿ, ಊರೆಲ್ಲ ಎದ್ದು ಸ್ಕೂಲಿಗೆ ಬಂದ್ಬಿಡುತ್ತೆ,” ಎಂದು ಗೊಣಗುತ್ತಾನೆ ಜವಾನ ಓಲಿಂಡೊ. ಈ ಗುಂಡಿ ಇಷ್ಟು ವರ್ಷ ಅವನೊಬ್ಬನ ಸ್ವತ್ತಾಗಿತ್ತು.

ನೀವೆಸ್‌ಗೆ ಹಠಾತ್ ಸದ್ದೆಂದರೆ ಜೀವ ಹೋಗುತ್ತದೆ. ಮಾತೂ ಕಡಿಮೆ. ಬರುವ ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಶಾಲೆ ಬಿಟ್ಟು ಇಲ್ಲಿಗೆ ಬರಬೇಕು ಎಂದಾಗ ‘ಬರಲ್ಲ’ ಎಂದು ಮಂಚದ ಕೆಳಗೆ ಸೇರಿಕೊಂಡಿದ್ದಳು. ಅವಳನ್ನು ಏನು ಮಾಡುವುದೆಂದು ದೊಡ್ಡವರು ಸಭೆ ಸೇರಿದಾಗ ಎರ್ಸೀಲಿಯಾ ಹಟ ಹಿಡಿದದ್ದು ಒಂದಕ್ಕೇ: ಅವಳಿಗೂ ಒಂದು ಕುರ್ಚಿ ಹಾಕಿ.

ಎರ್ಸೀಲಿಯಾ ಮೊದಲು ಮೀನು ಮಾರುಕಟ್ಟೆಯಲ್ಲಿ ಬೂತಾಯಿ ಸೀಳುತ್ತಿದ್ದವರು. “ಮೀನಿಗೆ ನಿಂಗೇನು ಬೇಕು ಅಂತ ಕೇಳೋ ಹಂಗಿರ್ಲಿಲ್ಲ. ಮಕ್ಕಳನ್ನ ಕೇಳ್ಬೇಕು. ನಮ್ ಜನ ಎರಡನ್ನೂ ಒಂದೇ ತರ ನೋಡ್ತಾರೆ,” ಎನ್ನುತ್ತಾರೆ.

ಆ ಸಭೆಯ ಕಥೆ ಈಗ ಊರೆಲ್ಲ ಹಬ್ಬಿದೆ. ಇಲ್ಲಿ ಎಲ್ಲಿ ಕಲ್ಲೆಸೆದರೂ ಬೀಳುವುದು ಬೊಸ್ಕೊಲೊ ಮನೆತನದ ಒಬ್ಬರ ತಲೆಗೇ; ನೀವೆಸಳೂ ಬೊಸ್ಕೊಲೊನೇ. ಅದಕ್ಕೇ ಏಡಿ ಬೊಸ್ಕೊಲೊ, ಉಪ್ಪು ಬೊಸ್ಕೊಲೊ ಎಂದು ಮನೆಮನೆಗೂ ಅಡ್ಡಹೆಸರು. ಸರ್ಕಾರಿ ಕಾಗದದಲ್ಲೂ ಅದಿಲ್ಲದೆ ನಡೆಯದು. ಹೊಸ ಹೆಡ್‌ಮಾಸ್ಟರು ಪರವೂರಿನವರು, ಮರ್ಯಾದಸ್ಥರು. ಮಕ್ಕಳಿಗೆ ಅಡ್ಡಹೆಸರು ಸಲ್ಲದೆಂದು ಶಾಲೆಯ ಕಡತದಿಂದ ಅದನ್ನು ಕೈಬಿಟ್ಟಿದ್ದರು. ನೀವೆಸಳ ಗಾಲಿಕುರ್ಚಿಗೆ ಇಳಿಜಾರು, ಕೆಳಮಹಡಿಯಲ್ಲಿ ತರಗತಿ, ಎತ್ತಿಕೊಳ್ಳಲು ಇಬ್ಬರು ಎಂದು ತಮ್ಮ ಏರ್ಪಾಡನ್ನೆಲ್ಲ ವಿವರಿಸಿದರು. ಎಲ್ಲರೂ ತಲೆದೂಗಿದರು. ಓದಿದವರು ಹೇಳಿದ ಮೇಲೆ ಸರಿಯೇ ಇರಬೇಕೆಂದು ನೀವೆಸಳ ತಾಯಿ ಲೊರೆತ್ತಾಳೂ ತಲೆದೂಗಿದಳು. ಎರ್ಸೀಲಿಯಾ ಬಾಯಿ ತೆರೆದವರು ಮತ್ತೆ ಮುಚ್ಚಿಕೊಂಡು ನೀವೆಸ್ ಕಡೆ ನೋಡಿದರು.

ನೀವೆಸ್ ಬಿಸ್ಕತ್ತು ಕೆಳಗಿಟ್ಟಳು. ಶೂ ಸಮೇತ ಕಾಲನ್ನು ಮೇಜಿನ ಮೇಲಿಟ್ಟಳು.

“ಕಾಲಿದೆ. ಗಾಲಿಕುರ್ಚಿ ಉಪ್ಪು ಬೊಸ್ಕೊಲೊ ಹುಡುಗಂದು. ನಾನು ಏಡಿ.”

ಹೆಡ್‌ಮಾಸ್ಟರು ಇಂಗು ತಿಂದ ಮಂಗನಂತಾದರು. ಆದರೂ ಒಳ್ಳೆಯ ಮನುಷ್ಯ. “ಹಾಗಾದ್ರೆ ನಿಂಗೇನು ಬೇಕಮ್ಮ?” ಎಂದು ಕೇಳಿಯೇಬಿಟ್ಟರು.

“ಬೆಳಗಿನ ಬೆಲ್ಲು ನಾನು ಒತ್ತೋದು. ನಾನೇ ಒತ್ತಿದ್ರೆ ಹೆದ್ರಿಕೆ ಇಲ್ಲ. ಕಿಟಕಿ ಪಕ್ಕ ಸೀಟು.” ಬಿಸ್ಕತ್ತನ್ನು ಮತ್ತೆ ಕೈಗೆತ್ತಿಕೊಂಡು ಇನ್ನೊಂದು ಹೇಳಿದಳು: “ಎರ್ಸೀಲಿಯಾ ಅತ್ತೆ ಕ್ಲಾಸೊಳಗೆ ಬರೋದು ಬೇಡ.”

ಆಗ ಎದೆ ಚುರ್ರೆನ್ನಲಿಲ್ಲವೇ ಎಂದರೆ ಎರ್ಸೀಲಿಯಾ ನಗುತ್ತಾರೆ, ಕಣ್ಣೂ ಒರೆಸಿಕೊಳ್ಳುತ್ತಾರೆ. “ಅವತ್ತು ಊಟ ಸೇರ್ಲಿಲ್ಲ. ಆದ್ರೆ ‘ಬೇಡ’ ಅನ್ನೋದನ್ನ ಅವಳಿಗೆ ಕಲಿಸಿದ್ದು ಯಾರು? ನಾನೇ. ವರ್ಷಗಟ್ಟಲೆ ಹಿಡೀತು.”

ಮತ್ತೆ ಬೆಲ್ಲು ಬಡಿಯುತ್ತದೆ. ಓಲಿಂಡೊ ಕಿವಿ ಮುಚ್ಚಿಕೊಂಡು ಹೊರಗೋಡುತ್ತಾನೆ. ಶಾಲೆ ಶುರುವಾಗುವ ದಿನ ನಿಮಗೇನಾಸೆ ಎಂದು ಕೇಳಿದರೆ ಎರ್ಸೀಲಿಯಾ ಕಿವಿಯ ಹತ್ತಿ ತೆಗೆಯುತ್ತಾರೆ.

“ಆ ಸೇತುವೆ ತನಕ ಅವಳ ಬ್ಯಾಗ್ ಹಿಡ್ಕೊಂಡು ಬರೋ ಆಸೆ. ನೋಡೋಣ, ಅವಳನ್ನ ಕೇಳ್ಬೇಕು.”